‘ಯಾಕೆ?’ ಅಂದವರಿಗೆ ಉತ್ತರ ಬರೆಯುತ್ತ ಕಲಿತದ್ದು

ಓದುಗರು ಕಳಿಸುವ ವಿಜ್ಞಾನ, ತಂತ್ರಜ್ಞಾನ, ಇತಿಹಾಸದ ಪ್ರಶ್ನೆಗಳಿಗೆ ಉತ್ತರ ಬರೆಯುವುದು ನನ್ನ ಕಸುಬು. ಪುಸ್ತಕ ತೆರೆದು, ನೋಡಿ ಬರೆದುಬಿಡುವ ಕೆಲಸ ಎಂದು ಹೊರಗಿನವರು ತಿಳಿದಿರುತ್ತಾರೆ. ಪುಸ್ತಕದ ಸರದಿ ಬರುವುದು ಕೊನೆಗೆ. ಕೇಳಿದ್ದೇನು, ಯಾವ ಊರಿನ ಮಾತು, ಯಾವ ಕಾಲದ ಮಾತು ಎಂದು ಬಿಡಿಸಿಕೊಳ್ಳುವುದರಲ್ಲೇ ಅರ್ಧ ಹೊತ್ತು ಕಳೆದಿರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ, ಮಕ್ಕಳ ಪ್ರಶ್ನೆಗೆ ‘ಆಮೇಲೆ ಹೇಳ್ತೀನಿ’ ಎಂದು ತಪ್ಪಿಸಿಕೊಳ್ಳುವ ಅಪ್ಪ ಅಮ್ಮಂದಿರಿಗೆ ಉಪಯೋಗವಾದೀತೆಂದು ಕೆಲವು ಪಾಠಗಳನ್ನು ಇಲ್ಲಿ ಬರೆದಿದ್ದೇನೆ.

1. ದೊಡ್ಡ ಪ್ರಶ್ನೆಯನ್ನು ಅಂಗಳಕ್ಕೆ ಇಳಿಸಿ

‘ಭೂಮಿಯ ಅಕ್ಷ ವಾಲಿದೆ ಅಂತೀರಲ್ಲ, ಅದು ನಮಗೆ ಕಾಣೋದು ಹೇಗೆ?’ ಎಂದು ಹೈಸ್ಕೂಲು ಹುಡುಗಿಯೊಬ್ಬಳು ಕೇಳಿದ್ದಳು. ಗ್ಲೋಬಿನ ಚಿತ್ರ ಹಾಕಿ ಉತ್ತರಿಸಬಹುದಿತ್ತು. ಆದರೆ ಆ ಚಿತ್ರ ನೋಡಿಯೇ ಅವಳು ಈ ಪ್ರಶ್ನೆ ಕೇಳಿದ್ದು. ಹಾಗಾಗಿ ಶೂನ್ಯ ನೆರಳಿನ ದಿನದ ಬಗ್ಗೆ ಬರೆದೆ.

ಕರ್ನಾಟಕದ ಯಾವ ಊರಿನಲ್ಲೇ ಆಗಲಿ, ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಗಳಿಗೆಯಲ್ಲಿ ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24-25ರ ಸುಮಾರಿಗೆ, ಮತ್ತೊಮ್ಮೆ ಆಗಸ್ಟ್ 18ರ ಹೊತ್ತಿಗೆ. ಹುಬ್ಬಳ್ಳಿಯಲ್ಲಿ ಮೇ 2ರ ಆಸುಪಾಸು, ಬೀದರಿನಲ್ಲಿ ಮೇ 11ರ ಆಸುಪಾಸು. ದೆಹಲಿಯವರಿಗೆ ಈ ಭಾಗ್ಯ ಎಂದೂ ಇಲ್ಲ, ಅವರು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇದ್ದಾರೆ. ಅಕ್ಷ ವಾಲದೇ ಇದ್ದಿದ್ದರೆ ವರ್ಷವಿಡೀ ಸಮಭಾಜಕ ವೃತ್ತದ ಮೇಲಿನವರಿಗೆ ಮಾತ್ರ ಸೂರ್ಯ ನೆತ್ತಿಗೆ ಬರುತ್ತಿದ್ದ. ಬೆಂಗಳೂರಿನಿಂದ ಬೀದರಿಗೆ ಎರಡೂವರೆ ವಾರದಲ್ಲಿ ಅವನು ‘ಪ್ರಯಾಣ’ ಮಾಡುತ್ತಾನಲ್ಲ, ಆ ವಾಲಿಕೆ ಕಣ್ಣಿಗೆ ಕಾಣುವುದು ಅಲ್ಲಿಯೇ.

ಮಾಡಿ ನೋಡುವವರಿಗೆ ಎರಡು ಮಾತು. ಕೋಲನ್ನು ಕಣ್ಣಂದಾಜಿನಲ್ಲಿ ನೆಡಬೇಡಿ. ಗಾರೆ ಕೆಲಸದವರು ಗೋಡೆ ನೋಡಲು ಬಳಸುವ ತೂಗುಗುಂಡು ಹಿಡಿದು ಸರಿಮಾಡಿ. ಒಂದು ಮೀಟರ್ ಎತ್ತರದ ಕೋಲು ಬರೀ ಒಂದು ಡಿಗ್ರಿ ಓರೆಯಾದರೂ ಸುಮಾರು 1.7 ಸೆಂಟಿಮೀಟರ್ ನೆರಳು ಉಳಿದು, ‘ಎಲ್ಲ ಸುಳ್ಳು’ ಎಂದು ಮಕ್ಕಳು ಎದ್ದುಹೋಗುತ್ತಾರೆ. ಇನ್ನೊಂದು, ಗಡಿಯಾರದ ಹನ್ನೆರಡನ್ನು ನಂಬಿ ಕೂರಬೇಡಿ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ತೋರಿಸುತ್ತವೆ. ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಹಿಂದೆ ಬೀಳುತ್ತೇವೆ. ಏಪ್ರಿಲಿನ ಆ ದಿನ ಬೆಂಗಳೂರಿನ ನಿಜವಾದ ನಡುಹಗಲು 12 ಗಂಟೆ 18 ನಿಮಿಷದ ಸುಮಾರಿಗೆ, ಮಂಗಳೂರಿನದು ಇನ್ನೂ ಹನ್ನೊಂದು ನಿಮಿಷ ತಡ. ಆಗಸ್ಟಿನ ಅವಕಾಶವನ್ನು ಕರಾವಳಿ, ಮಲೆನಾಡಿನವರು ನೆಚ್ಚಿಕೊಳ್ಳಬಾರದು, ಮೋಡ ಬಿಡುವುದಿಲ್ಲ.

2. ಅಡುಗೆಮನೆಯಲ್ಲಿ ಒಮ್ಮೆ ವಿಚಾರಿಸಿ

ಕಾದ ಕಾವಲಿಯ ಮೇಲೆ ಚಿಮುಕಿಸಿದ ನೀರು ಒಮ್ಮೊಮ್ಮೆ ಚುಂಯ್ ಎಂದು ಆರಿಹೋಗುತ್ತದೆ, ಒಮ್ಮೊಮ್ಮೆ ಮುತ್ತಿನಂತೆ ಉಂಡೆಯಾಗಿ ಓಡಾಡುತ್ತದೆ. ಹೆಚ್ಚು ಕಾದಾಗ ಬೇಗ ಆರಬೇಕಿತ್ತಲ್ಲ ಎಂಬುದು ಪ್ರಶ್ನೆ. ಕಾವಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟಿದರೆ ಹನಿಯ ತಳ ಮುಟ್ಟಿದ ಕೂಡಲೇ ಆವಿಯಾಗುತ್ತದೆ. ಆ ಆವಿಯ ತೆಳುಪದರ ಹನಿಯನ್ನು ಎತ್ತಿ ಹಿಡಿಯುತ್ತದೆ. ಆವಿಯ ಮೂಲಕ ಶಾಖ ನಿಧಾನವಾಗಿ ಹಾಯುವುದರಿಂದ ಹನಿ ಬಹಳ ಹೊತ್ತು ಬಾಳುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದರ ಬಗ್ಗೆ ಬರೆದದ್ದರಿಂದ ಅವನ ಹೆಸರೇ ನಿಂತಿದೆ.

ಉತ್ತರ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ದೋಸೆ ಹುಯ್ಯುವವರನ್ನು ಕೇಳಿದಾಗ ಇನ್ನೊಂದು ಅರ್ಧ ಸಿಕ್ಕಿತು. ಹನಿ ಓಡಾಡಿದರೆ ಅವರು ಹಿಟ್ಟು ಹುಯ್ಯುವುದಿಲ್ಲ. ನೀರೆರಚಿ, ಅರ್ಧ ಕೊಯ್ದ ಈರುಳ್ಳಿಯಿಂದ ಉಜ್ಜಿ, ಹನಿ ಸದ್ದು ಮಾಡಿ ಆರುವ ಹದಕ್ಕೆ ಕಾವಲಿಯನ್ನು ಇಳಿಸುತ್ತಾರೆ. ವಿಪರೀತ ಕಾದಿದ್ದರೆ ಹಿಟ್ಟು ಹರಡಲು ಬಿಡುವಿಲ್ಲದೆ ಬೆಂದು, ಸೌಟಿನ ಜೊತೆಗೇ ಎದ್ದುಬರುತ್ತದೆ. ಥರ್ಮಾಮೀಟರ್ ಇಲ್ಲದೆ ನಡೆಯುವ ಈ ಉಷ್ಣತೆಯ ಪರೀಕ್ಷೆ ಭೌತಶಾಸ್ತ್ರದ ಪಠ್ಯದಲ್ಲಿ ಇರಬೇಕಿತ್ತು ಎಂಬುದು ನನ್ನ ತಕರಾರು.

3. ‘ಮೊಟ್ಟಮೊದಲು’ ಕಂಡಲ್ಲಿ ಪೆನ್ನು ಕೆಳಗಿಡಿ

ನಮ್ಮ ರಾಜ್ಯದ ಇತಿಹಾಸದ ಪ್ರಶ್ನೆಗಳಲ್ಲಿ ‘ಏಷ್ಯಾದಲ್ಲೇ ಮೊದಲು’, ‘ಜಗತ್ತಿನಲ್ಲೇ ಮೊದಲು’ ಧಾರಾಳವಾಗಿ ಬರುತ್ತವೆ. ಶಿವನಸಮುದ್ರದ ವಿದ್ಯುತ್ ಅದಕ್ಕೆ ಒಳ್ಳೆಯ ಉದಾಹರಣೆ. ‘ಭಾರತದ ಮೊದಲ ಜಲವಿದ್ಯುತ್’ ಎಂದು ಹಲವರು ಬರೆಯುತ್ತಾರೆ. ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು. ‘ಏಷ್ಯಾದಲ್ಲಿ ಮೊದಲು ಬೀದಿದೀಪ ಬೆಳಗಿದ್ದು ಬೆಂಗಳೂರಿನಲ್ಲಿ, 1905ರ ಆಗಸ್ಟ್ 5ರಂದು’ ಎಂಬ ಮಾತೂ ಓಡಾಡುತ್ತದೆ. ಆ ದಿನ ಬೆಂಗಳೂರಿಗೆ ದೀಪ ಬಂದದ್ದು ನಿಜ. ಆದರೆ ಶಾಂಘೈಯಲ್ಲೂ ಟೋಕಿಯೋದ ಗಿಂಜಾದಲ್ಲೂ 1882ರಲ್ಲೇ ಆರ್ಕ್ ದೀಪಗಳು ಬೆಳಗಿದ್ದವು.

ಪಟ್ಟ ಕಳಚಿದರೆ ಉಳಿಯುವುದೇನು? ನನ್ನ ಮಟ್ಟಿಗೆ ಇನ್ನೂ ದೊಡ್ಡ ಕಥೆ ಉಳಿಯುತ್ತದೆ. 1902ರಲ್ಲಿ ಕಾವೇರಿಯ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ದೂರ ಸುಮಾರು 92 ಮೈಲಿ, ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳ ಸಾಲಿಗೆ ಸೇರಿತ್ತು. ಟರ್ಬೈನು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಈಗ ನಮ್ಮ ಮನೆಗಳಿಗೆ ಬರುವ 50 ಹರ್ಟ್ಸ್ ಬದಲು ಅಲ್ಲಿ 25 ಹರ್ಟ್ಸ್ ಇತ್ತು, ನಯಾಗರದಲ್ಲಿ ಇದ್ದಂತೆಯೇ. ಭಾರೀ ಮೋಟಾರುಗಳಿಗೆ ಅದು ಒಗ್ಗುತ್ತದೆ, ದೀಪ ಮಾತ್ರ ಮಿಣುಕಿದಂತೆ ಕಾಣುತ್ತದೆ. ಮೊದಲ ಗಿರಾಕಿ ಗಣಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬೆಂಗಳೂರಿನ ಬೀದಿಯ ಸರದಿ ಬಂದದ್ದು ಮೂರು ವರ್ಷ ಕಳೆದ ಮೇಲೆ. ‘ಮೊದಲು’ ಎಂದು ಬರೆದು ಮುಗಿಸಿದ್ದರೆ ದುಡ್ಡು ಎಲ್ಲಿಂದ ಬಂತು, ಕರೆಂಟು ಯಾರಿಗಾಗಿ ಬಂತು ಎಂಬ ಪ್ರಶ್ನೆಗಳೇ ಹುಟ್ಟುತ್ತಿರಲಿಲ್ಲ.

4. ಕೆಲಸ ಗೊತ್ತಿದ್ದವರ ಬಳಿ ಕೂತು ಕೇಳಿ

ಮುಂಗಾರಿನಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿಯ ಕಡೆಗೆ ಏರುತ್ತಿದ್ದಂತೆ ಈ ಪ್ರಶ್ನೆ ಬಂದೇ ಬರುತ್ತದೆ: ‘ಸಿಮೆಂಟೇ ಇಲ್ಲದೆ ಕೆಆರ್‌ಎಸ್ ನಿಂತಿದ್ದು ಹೇಗೆ?’ ಜೊತೆಗೆ ಬೆಲ್ಲ, ಮೊಟ್ಟೆ ಹಾಕಿದ್ದರಂತೆ ಎಂಬ ಬಾಲವೂ ಇರುತ್ತದೆ.

1911ರಲ್ಲಿ ಕೆಲಸ ಶುರುವಾದಾಗ ಸಿಮೆಂಟು ಹಡಗಿನಲ್ಲಿ ಬರುವ ದುಬಾರಿ ಸರಕು. ಪೋರಬಂದರಿನ ಕಾರ್ಖಾನೆ ಶುರುವಾದದ್ದೇ 1914ರಲ್ಲಿ. ಹಾಗಾಗಿ ಕಲ್ಲನ್ನು ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಟ್ಟಿದರು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಬರಿ ಸುಣ್ಣ ಗಟ್ಟಿಯಾಗಲು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕು, ಅಷ್ಟು ದಪ್ಪದ ಕಟ್ಟಡದ ಒಡಲಿಗೆ ಗಾಳಿ ಹೋಗುವುದಾದರೂ ಹೇಗೆ? ಸುರ್ಕಿಯಲ್ಲಿರುವ ಸಿಲಿಕಾ, ಅಲ್ಯೂಮಿನಾಗಳು ನೀರಿನ ನೆರವಿನಲ್ಲಿ ಸುಣ್ಣದೊಂದಿಗೆ ಬೆರೆತು ಒಳಗೊಳಗೇ ಗಟ್ಟಿಯಾಗುತ್ತವೆ. ರೋಮನ್ನರು ಇದೇ ಕೆಲಸಕ್ಕೆ ಜ್ವಾಲಾಮುಖಿಯ ಬೂದಿ ಬಳಸುತ್ತಿದ್ದರು.

ಇದರ ರಸಾಯನಶಾಸ್ತ್ರ ಪುಸ್ತಕದಲ್ಲಿದೆ. ‘ಕರಿಕಟ್ಟಿದ ಇಟ್ಟಿಗೆ ಸುರ್ಕಿಗೆ ಬೇಡ, ಹದವಾಗಿ ಬೆಂದದ್ದೇ ಬೇಕು’ ಎಂಬುದನ್ನು ನಾನು ಕೇಳಿದ್ದು ಹಳೆಯ ಮನೆಗಳ ದುರಸ್ತಿ ಮಾಡುವ ಮೇಸ್ತ್ರಿಯೊಬ್ಬರಿಂದ. ಎತ್ತು ಕಟ್ಟಿ ತಿರುಗಿಸುವ ಗಾರೆ ಗಾಣ ಕಂಡವರು ಅವರು. ಕಾರಣ ಕೇಳಿದರೆ ‘ಅದು ಸತ್ತ ಇಟ್ಟಿಗೆ’ ಅಂದರು. ವಿಪರೀತ ಸುಟ್ಟ ಜೇಡಿಮಣ್ಣು ಗಾಜಿನಂತೆ ಕರಗಿ ಗಟ್ಟಿಯಾಗಿ, ಸುಣ್ಣದೊಂದಿಗೆ ಸೇರುವ ಗುಣ ಕಳೆದುಕೊಳ್ಳುತ್ತದೆ. ಅವರ ಮಾತು ಪ್ರಯೋಗಾಲಯದಲ್ಲೂ ನಿಲ್ಲುತ್ತದೆ.

ಇಷ್ಟಾದರೂ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಲಿಲ್ಲ. ಕಟ್ಟೆ ನೀರನ್ನು ತಡೆದಿರುವುದು ಅಂಟಿನ ಬಲದಿಂದ ಅಷ್ಟಾಗಿ ಅಲ್ಲ, ತನ್ನ ತೂಕದಿಂದ. ಅದು ಭಾರದ ಅಣೆಕಟ್ಟೆ.

5. ಪವಾಡದ ಪ್ರಶ್ನೆಗೆ ಕ್ಯಾಲೆಂಡರು ತೆಗೆಯಿರಿ

ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ‘ವರ್ಷಕ್ಕೆ ಒಂದೇ ದಿನ ಹೀಗಾಗುವುದು ಹೇಗೆ?’ ಎಂದು ಪ್ರತಿ ಜನವರಿಯಲ್ಲೂ ಕೇಳುತ್ತಾರೆ.

ಇದಕ್ಕೆ ಹೌದು, ಅಲ್ಲ ಎಂದು ವಾದಕ್ಕಿಳಿಯುವ ಅಗತ್ಯವಿಲ್ಲ. ಸೂರ್ಯ ದಕ್ಷಿಣದ ತುದಿ ಮುಟ್ಟುವುದು ಡಿಸೆಂಬರ್ 21-22ಕ್ಕೆ. ಅಲ್ಲಿಂದ ಮರಳುವಾಗ, ಹೋದ ದಾರಿಯಲ್ಲೇ ಬರುತ್ತಾನೆ. ಜನವರಿ 14ರಂದು ಮುಳುಗುವ ಜಾಗದಲ್ಲೇ ನವೆಂಬರ್ 28ರ ಸುಮಾರಿಗೂ ಮುಳುಗಿರುತ್ತಾನೆ. ಆದ್ದರಿಂದ ಕಿಟಕಿ ದಾಟಿ ಬರುವ ಇಂಥ ಬಿಸಿಲು ಆ ದಿನಗಳಲ್ಲೂ ಬರಲೇಬೇಕು, ಮೋಡವಿಲ್ಲದಿದ್ದರೆ. ಆಗ ಹಬ್ಬವಿಲ್ಲ, ಟಿವಿ ಕ್ಯಾಮೆರಾಗಳೂ ಇಲ್ಲ.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಉತ್ತರಾಯಣ ಡಿಸೆಂಬರಿನಲ್ಲೇ ಶುರುವಾದರೆ ಸಂಕ್ರಾಂತಿ ಜನವರಿಯಲ್ಲೇಕೆ? ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತೊನೆಯುತ್ತದೆ. ನಕ್ಷತ್ರಗಳನ್ನು ನೆಚ್ಚಿದ ನಮ್ಮ ಪಂಚಾಂಗ ಋತುಗಳಿಂದ 72 ವರ್ಷಕ್ಕೆ ಸುಮಾರು ಒಂದು ದಿನದಂತೆ ಸರಿಯುತ್ತ ಬಂದಿದೆ. ಉತ್ತರಾಯಣವೂ ಸಂಕ್ರಾಂತಿಯೂ ಕೂಡಿದ್ದದ್ದು ಸುಮಾರು 1,700 ವರ್ಷಗಳ ಹಿಂದೆ. ಇದನ್ನು ಬರೆದಾಗ ಬಯ್ಗುಳದ ಪತ್ರ ಬಂದೀತು ಎಂದುಕೊಂಡಿದ್ದೆ. ಅರ್ಚಕರೊಬ್ಬರು ಲೆಕ್ಕದ ವಿವರ ಕೇಳಿ ಬರೆದರು.

6. ಪ್ರಶ್ನೆಯ ಹಿಂದಿನ ಪ್ರಶ್ನೆ

‘ಮತದಾನದ ಶಾಯಿಯಲ್ಲಿ ಏನಿರುತ್ತದೆ?’ ಎಂದು ಬರೆದವರಿಗೆ ಸಿಲ್ವರ್ ನೈಟ್ರೇಟ್ ಎಂದು ಒಂದೇ ಪದದಲ್ಲಿ ಹೇಳಬಹುದು. ಅವರಿಗೆ ನಿಜವಾಗಿ ಬೇಕಾದದ್ದು ಎರಡು: ಅದು ಚರ್ಮಕ್ಕೆ ಕೆಡುಕೇ, ಅಳಿಸಬಹುದೇ. ಆ ದ್ರಾವಣ ಚರ್ಮದ ಉಪ್ಪಿನೊಂದಿಗೆ ಸೇರಿ, ಬೆಳಕು ತಾಗಿ ಕಪ್ಪಾಗುತ್ತದೆ. ಬಣ್ಣ ಮೇಲ್ಮೈಗೆ ಅಂಟಿರುವುದಿಲ್ಲ, ಚರ್ಮದ ಹೊರಪದರದಲ್ಲೇ ಕೂತಿರುತ್ತದೆ. ಆ ಪದರ ಉದುರಿ, ಉಗುರು ಬೆಳೆದು ಕತ್ತರಿಸುವ ತನಕ ಸೋಪಿಗೆ ಬಗ್ಗುವುದಿಲ್ಲ. ಬೆರಳ ತುದಿಯ ಒಂದು ಗೆರೆಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. 1962ರ ಮಹಾಚುನಾವಣೆಯಿಂದ ಇದನ್ನು ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ ಒದಗಿಸುತ್ತ ಬಂದಿದೆ. ಉತ್ತರದಲ್ಲಿ ಮೈಸೂರಿನ ಹೆಸರು ಬಂದರೆ ಪತ್ರಗಳು ದುಪ್ಪಟ್ಟಾಗುತ್ತವೆ, ಅದು ಬೇರೆ ಮಾತು.

7. ‘ಎಷ್ಟು’ ಹೇಳಿದರೆ ‘ಹೇಗೆ ಗೊತ್ತು’ ಕೂಡ ಹೇಳಬೇಕು

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಫಲಕವಿದೆ, ಮೇಲೆ ಕೆಂಪೇಗೌಡರ ಗೋಪುರವಿದೆ. ಅಷ್ಟು ವರ್ಷ ಎಂದು ಬರೆದು ಸುಮ್ಮನಾದರೆ ಓದುಗರು ನಂಬುವುದು ನಮ್ಮ ಮುಖ ನೋಡಿ ಅಷ್ಟೆ. ಇಂಥ ಶಿಲೆಗಳಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳು ಹುಟ್ಟುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸ ಸೇರುವುದಿಲ್ಲ. ಯುರೇನಿಯಂ-238 ಅರ್ಧದಷ್ಟು ಸೀಸವಾಗಲು 447 ಕೋಟಿ ವರ್ಷ ಹಿಡಿಯುತ್ತದೆ. ಈಗ ಒಳಗಿರುವ ಸೀಸ ಎಷ್ಟು, ಉಳಿದ ಯುರೇನಿಯಂ ಎಷ್ಟು ಎಂದು ಅಳೆದರೆ ವಯಸ್ಸು ಸಿಗುತ್ತದೆ. ಇಷ್ಟು ಓದಿಕೊಂಡು ಬಂಡೆ ಹತ್ತಿದವರು ಕಪ್ಪು-ಬಿಳಿ ಪಟ್ಟೆಗಳನ್ನು ಬಗ್ಗಿ ನೋಡುತ್ತಾರೆ.

8. ಜಗಳದ ವಿಷಯವಾದರೆ ವಸ್ತುವಿಗೆ ಅಂಟಿಕೊಳ್ಳಿ

ಟಿಪ್ಪುವಿನ ರಾಕೆಟ್ಟಿನ ಬಗ್ಗೆ ಬರೆಯಿರಿ ಎಂದರೆ ಅರ್ಧ ಜನ ಹೊಗಳಿಕೆ ಕಾಯುತ್ತಾರೆ, ಇನ್ನರ್ಧ ತೆಗಳಿಕೆ. ನಾನು ಕೊಳವೆಯ ಬಗ್ಗೆ ಬರೆಯುತ್ತೇನೆ. ಕಾಗದ, ಬಿದಿರಿನ ಬದಲು ಕಬ್ಬಿಣದ ಕೊಳವೆ ಬಂದದ್ದರಿಂದ ಮದ್ದನ್ನು ಬಿಗಿಯಾಗಿ ತುಂಬಬಹುದಾಯಿತು, ಒಳಗಿನ ಒತ್ತಡ ತಡೆಯಿತು, ರಾಕೆಟ್ಟು ದೂರ ಹೋಯಿತು. 1799ರ ನಂತರ ಕೆಲವು ಇಂಗ್ಲೆಂಡಿಗೆ ಹೋದವು, ಅಲ್ಲಿನ ಕಾಂಗ್ರೀವ್ ಎಂಬವನು ತನ್ನ ರಾಕೆಟ್ಟು ರೂಪಿಸಲು ಅವು ಪ್ರೇರಣೆಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ‘ನಗರ’ ಎಂಬ ಊರಿನಲ್ಲಿ ಹಳೆಯ ಬಾವಿಯೊಂದರಿಂದ ಸಾವಿರ ಮಿಕ್ಕಿ ರಾಕೆಟ್ ಕೊಳವೆಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಅಷ್ಟೊಂದು ಕಬ್ಬಿಣ ಒಂದೇ ಬಾವಿಯಲ್ಲಿ ಸಿಕ್ಕಮೇಲೆ ‘ಎಲ್ಲ ಕಟ್ಟುಕತೆ’ ಎನ್ನುವವರಿಗೂ, ‘ಬಾಹ್ಯಾಕಾಶ ವಿಜ್ಞಾನವೇ ಅಲ್ಲಿತ್ತು’ ಎನ್ನುವವರಿಗೂ ನೋಡಿಕೊಳ್ಳಲು ಒಂದು ವಸ್ತು ಇದ್ದಂತಾಯಿತು.

ಕೊನೆಯದಾಗಿ, ಪ್ರಶ್ನೆ ಕಳಿಸುವವರಲ್ಲಿ ಒಂದು ವಿನಂತಿ. ಕಂಡದ್ದನ್ನು ಬರೆಯುವಾಗ ಊರು, ದಿನಾಂಕ, ಹೊತ್ತು, ಮುಖ ಮಾಡಿ ನಿಂತಿದ್ದ ದಿಕ್ಕು, ಇಷ್ಟನ್ನು ತಪ್ಪದೆ ಸೇರಿಸಿ. ಕಲ್ಲೋ ಹುಳುವೋ ನಾಣ್ಯವೋ ಆದರೆ ಫೋಟೋದಲ್ಲಿ ಪಕ್ಕಕ್ಕೊಂದು ಪೆನ್ನು ಇಡಿ, ಅಳತೆ ಗೊತ್ತಾಗುತ್ತದೆ. ಶಾಸನದ ಕಲ್ಲು ಕಂಡರೆ ಅಕ್ಷರ ಎದ್ದು ಕಾಣಲೆಂದು ಸುಣ್ಣ, ಬಣ್ಣ ಬಳಿಯಬೇಡಿ, ಬೆಳಗ್ಗೆಯೋ ಸಂಜೆಯೋ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರ ಸಾಕು. ‘ಹೀಗಂತೆ’ ಎಂದು ಯಾರಿಂದಲೋ ಕೇಳಿದ್ದಾದರೆ ಯಾರಿಂದ ಎಂದೂ ಬರೆಯಿರಿ. ಪೋಸ್ಟ್ ಕಾರ್ಡಾದರೂ ಆದೀತು.