ಪಾಲಿಕೆಯ ಸಭೆಯಲ್ಲಿ ಠರಾವಿನ ಗತಿ

ನಗರಾಡಳಿತಕ್ಕೆ ಸಂವಿಧಾನದ ಆಸರೆಯನ್ನಿತ್ತ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದು, 9-ಎ ಭಾಗವನ್ನೂ 18 ವಿಷಯಗಳನ್ನೊಳಗೊಂಡ 12ನೆಯ ಅನುಸೂಚಿಯನ್ನೂ ಸೇರಿಸಿತೆಂಬುದು ಪರೀಕ್ಷಾರ್ಥಿಗಳೆಲ್ಲರಿಗೂ ಕಂಠಸ್ಥವಾಗಿರುವ ಸಂಗತಿಯೇ ಸರಿ. ಆದರೆ ಸಭೆಯೊಳಗೆ ಒಂದು ಪ್ರಸ್ತಾವವು ಯಾವ ದಾರಿಯನ್ನು ಸವೆಸಿ ಠರಾವಾಗುವುದೆಂಬುದನ್ನು ಅರಿತವರು ವಿರಳ. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದಂತೆ ನಡೆಯುವ ಮೈಸೂರು, ಹುಬ್ಬಳ್ಳಿ–ಧಾರವಾಡ ಮುಂತಾದ ಪಾಲಿಕೆಗಳಲ್ಲಿ, ಕರವನ್ನು ಏರಿಸಬೇಕೆಂಬ ಸಲಹೆಯೊಂದು ಬಂದಿತೆನ್ನೋಣ: ಅದನ್ನು ಬಹುಮಟ್ಟಿಗೆ ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿಯು ಪರಿಶೀಲಿಸಿ, ಅಭಿಪ್ರಾಯಸಹಿತವಾಗಿ ಸಾಮಾನ್ಯ ಸಭೆಗೆ ಒಪ್ಪಿಸಿದ ಬಳಿಕ, ಕಾರ್ಯಸೂಚಿಯ ಸರದಿಯಂತೆ ಚರ್ಚೆ ನಡೆದು, ಹಾಜರಿದ್ದು ಮತವಿತ್ತ ಸದಸ್ಯರ ಬಹುಮತದಿಂದ ನಿರ್ಣಯವಾಗುವುದು, ಮತಗಳು ಸಮನಾದರೆ ಅಧ್ಯಕ್ಷತೆ ವಹಿಸಿದ ಮೇಯರರಿಗೆ ನಿರ್ಣಾಯಕ ಮತವುಂಟು. ಆಯುಕ್ತರು ಚರ್ಚೆಯಲ್ಲಿ ಮಾತನಾಡಬಹುದಾದರೂ ಮತ ಹಾಕಲಾರರು. ವಿಶೇಷ ಜ್ಞಾನದ ನಿಮಿತ್ತ ನಾಮಕರಣಗೊಂಡ ಸದಸ್ಯರಿಗೂ 243-ಆರ್ ವಿಧಿಯು ಮತಾಧಿಕಾರವನ್ನು ನಿರಾಕರಿಸಿದೆ. ಪ್ರಶ್ನಪತ್ರಿಕೆ ರಚಿಸುವವರಿಗೆ ಈ ಎರಡು ಅಂಶಗಳು ಬಹು ಪ್ರಿಯ.

ಇಷ್ಟಾದರೂ ಸಭೆಯ ಮಾತೇ ಕೊನೆಯದಲ್ಲ. ಕಾನೂನಿಗೆ ವಿರುದ್ಧವಾದ ಅಥವಾ ಶಾಂತಿಭಂಗಕ್ಕೆ ಎಡೆಗೊಡಬಹುದಾದ ಠರಾವನ್ನು ರಾಜ್ಯ ಸರ್ಕಾರವು ಅಮಾನತಿನಲ್ಲಿರಿಸಬಹುದು, ರದ್ದುಪಡಿಸಲೂಬಹುದು. ಇದು ಪೌರಸ್ವಾಯತ್ತತೆಗೆ ರಕ್ಷೆಯೋ ಬಂಧನವೋ ಎಂಬ ಜಿಜ್ಞಾಸೆ ಮುಖ್ಯ ಪರೀಕ್ಷೆಯ ಪ್ರಬಂಧಕ್ಕೆ ಒಳ್ಳೆಯ ವಸ್ತು. ಪ್ರಜೆಯ ಅಹವಾಲಿಗೆ ಸಮೀಪದ ದ್ವಾರವೆಂದರೆ ವಾರ್ಡ್ ಸಮಿತಿ: 3 ಲಕ್ಷ ಅಥವಾ ಅದಕ್ಕೂ ಮಿಕ್ಕ ಜನಸಂಖ್ಯೆಯ ನಗರಗಳಲ್ಲಿ ಅದು ಇರತಕ್ಕದ್ದೆಂದು 243-ಎಸ್ ವಿಧಿಯು ಕಟ್ಟಳೆ ಮಾಡಿದೆ.