ಜೇನುಮದ್ಯ: ಹೊಸಬನ ಮೊದಲ ಪ್ರಯತ್ನದಲ್ಲಿ ಗಮನಿಸತಕ್ಕ ಸಂಗತಿಗಳು

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಜೇನು ತೆಗೆದ ಕೆಲವು ತಿಂಗಳುಗಳ ತರುವಾಯ, ಮಳೆಗಾಲದಲ್ಲಿ ಭರಣಿಯ ಬಾಯಿ ತೆರೆದರೆ ನೊರೆಯೆದ್ದು ಹುಳಿವಾಸನೆ ಹೊಡೆಯುವುದುಂಟು. ಒಕ್ಕಲಿಗರು ಇದನ್ನು “ಜೇನು ಉಕ್ಕಿತು” ಎಂದು ಹೇಳಿ ಕೈಬಿಡುವರು. ಭರಣಿಯೊಳಗೆ ತಾನಾಗಿ ನಡೆದ ಈ ಕೆಡುಕನ್ನೇ ಪೋಲೆಂಡ್, ಇಂಗ್ಲೆಂಡ್, ಇಥಿಯೋಪಿಯ ಮೊದಲಾದ ದೇಶಗಳ ಜನರು ಬುದ್ಧಿಪೂರ್ವಕವಾಗಿ ನಡೆಯಿಸಿ ಪಾನೀಯವನ್ನು ಮಾಡಿಕೊಳ್ಳುತ್ತಾರೆ. ಇಂಗ್ಲಿಷರು ಅದನ್ನು ಮೀಡ್ ಎನ್ನುವರು. ಸಂಸ್ಕೃತದ ಮಧು ಶಬ್ದಕ್ಕೆ ಜೇನೆಂದೂ ಮದ್ಯವೆಂದೂ ಎರಡು ಅರ್ಥಗಳಿರುವುದನ್ನು ವಾಚಕರು ಬಲ್ಲರು. ಮೀಡ್ ಎಂಬುದೂ ಅದೇ ಪುರಾತನ ಮೂಲದಿಂದ ಬಂದ ಮಾತು.

ಕ್ರಮವನ್ನು ಹೇಳುವುದಕ್ಕೆ ಮುಂಚೆ ಕಾನೂನನ್ನು ಹೇಳಬೇಕಾಗಿದೆ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ. ಜೇನು ಸ್ವಂತ ತೋಟದ್ದು, ಭರಣಿ ಸ್ವಂತ ಮನೆಯದು ಎಂಬ ಸಮಾಧಾನ ಅಲ್ಲಿ ನಡೆಯದು. ಇಂಗ್ಲೆಂಡಿನಲ್ಲಾದರೋ ಮಾರಾಟಕ್ಕಲ್ಲದೆ ಮನೆಯ ಉಪಯೋಗಕ್ಕೆ ಮಾತ್ರ ಮಾಡಿಕೊಳ್ಳಲು ಅಡ್ಡಿಯಿಲ್ಲ. ಭಟ್ಟಿ ಇಳಿಸುವುದಕ್ಕೆ ಅಲ್ಲಿಯೂ ಅಪ್ಪಣೆ ಬೇಕು. ಆದಕಾರಣ ಮುಂದೆ ಬರೆದಿರುವ ಕ್ರಮವು ಅಂಥಾ ದೇಶಗಳಲ್ಲಿ ನೆಲಸಿರುವವರಿಗೂ ಲೈಸೆನ್ಸ್ ಪಡೆದವರಿಗೂ ಅನ್ವಯಿಸತಕ್ಕದ್ದು. ಉಳಿದವರಿಗೆ ಇದರಲ್ಲಿರುವ ಪ್ರಯೋಜನವೆಂದರೆ, ತಮ್ಮ ಜೇನು ಏತಕ್ಕೆ ಕೆಡುತ್ತದೆಂಬುದು ತಿಳಿಯುವುದು.

ಹುಳಿಯುವಿಕೆಗೆ ಕಾರಣವು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ. ಸಕ್ಕರೆಯು ಮದ್ಯಸಾರವಾಗುವುದು ಜೀವಿಯ ಕೆಲಸವೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರನು 1857ರಿಂದ ಮುಂದೆ ನಡೆಸಿದ ಪರೀಕ್ಷೆಗಳಿಂದ ಸ್ಥಾಪಿಸಿದನು. ಯೀಸ್ಟ್ ಜೇನಿನಲ್ಲಿ ಯಾವಾಗಲೂ ಇರುತ್ತದೆ. ನೀರು ಸಾಲದೆ ಸುಮ್ಮನಿರುತ್ತದೆ. ಜೇನಿನಲ್ಲಿ ನೀರಿನ ಅಂಶವು ನೂರಕ್ಕೆ 17–18ರಷ್ಟಿದ್ದರೆ ಭಯ ಕಡಿಮೆ. 20 ದಾಟಿದರೆ ಹುಳಿಯುವುದು ಸುಲಭ. ನಮ್ಮ ತುಡುವೆ ಜೇನು ಸ್ವಭಾವತಃ ತೆಳ್ಳಗಿರುವುದರಿಂದ ಈ ಅಪಾಯಕ್ಕೆ ಹೆಚ್ಚು ಗುರಿಯಾಗುತ್ತದೆ.

ಹೊಸಬನು ಮಾಡುವ ಮೊದಲನೆಯ ತಪ್ಪು ಅತಿಯಾಸೆ. ಜೇನು ಹೆಚ್ಚಾದಷ್ಟೂ ಪಾನೀಯ ಉತ್ತಮವಾಗುವುದೆಂದು ಎಣಿಸಿ ಪಾಕದಂತೆ ಕಲಸುವನು. ಅಷ್ಟು ಸಿಹಿಯಲ್ಲಿ ಯೀಸ್ಟ್ ತತ್ತರಿಸಿ ನಿಲ್ಲುವುದು. ಪೋಲೆಂಡಿನವರು ಒಂದು ಪಾಲು ಜೇನಿಗೆ ಮೂರು ಪಾಲು ನೀರು ಬೆರಸಿದುದನ್ನು ಚ್ವುರ್ನ್ಯಾಕ್ ಎಂದೂ, ಅರ್ಧ ಪಾಲು ನೀರು ಮಾತ್ರ ಬೆರಸಿದುದನ್ನು ಪುಲ್ತೊರಾಕ್ ಎಂದೂ ಕರೆದು, ಮೊದಲನೆಯದನ್ನು ಒಂಬತ್ತು ತಿಂಗಳಾದರೂ, ಎರಡನೆಯದನ್ನು ಮೂರು ವರ್ಷವಾದರೂ ಹಳೆಯದಾಗಲು ಇಡುತ್ತಾರೆ. ಹೊಸಬನಿಗೆ ಈ ಎರಡೂ ಬೇಡ. ಒಂದು ಕಿಲೋಗ್ರಾಂ ಜೇನಿಗೆ ನೀರು ಸೇರಿಸಿ ಒಟ್ಟು 4 ಲೀಟರು ಮಾಡಿದರೆ ಸಾಕು. ಆಗ ಲೀಟರಿಗೆ ಸುಮಾರು 195 ಗ್ರಾಂ ಸಕ್ಕರೆ ಬರುತ್ತದೆ. ಲೀಟರಿನಲ್ಲಿ 17 ಗ್ರಾಂ ಸಕ್ಕರೆ ಪೂರ್ತಿಯಾಗಿ ಹುಳಿತರೆ ನೂರಕ್ಕೆ ಒಂದರಷ್ಟು ಮದ್ಯಸಾರವಾಗುವುದರಿಂದ, ಕೊನೆಗೆ ದೊರೆಯುವುದು 11ಕ್ಕೆ ಸ್ವಲ್ಪ ಮೇಲ್ಪಟ್ಟು. ಹೈಡ್ರಾಮೀಟರನ್ನು ತೇಲಬಿಟ್ಟರೆ ಮೊದಲಲ್ಲಿ 1.070ರಿಂದ 1.075ರ ಸುತ್ತಮುತ್ತ ತೋರಬೇಕು.

ಪಾತ್ರೆಯು ಗಾಜಿನದಾಗಲಿ ಒಳ್ಳೆಯ ಪಿಂಗಾಣಿಯದಾಗಲಿ ಇರತಕ್ಕದ್ದು. ತಾಮ್ರ, ಹಿತ್ತಾಳೆ ಕೂಡದು. ಹುಳಿಯು ಲೋಹವನ್ನು ಕರಗಿಸುವುದು. ಯಾವತ್ತು ಸಾಮಾನುಗಳನ್ನೂ ತೊಳೆದು ಕುದಿನೀರಿನಿಂದ ಶುದ್ಧಿಮಾಡಬೇಕು. ಜೇನನ್ನು ಕುದಿಸಿದರೆ ಪರಿಮಳ ಹೋಗುವುದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದರೆ ಸಾಕು. ದ್ರಾಕ್ಷಾಮದ್ಯಕ್ಕೆ ಉಪಯೋಗಿಸುವ ಒಣ ಯೀಸ್ಟನ್ನು ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನಸಿ, ದ್ರವವು ಆರಿದ ಮೇಲೆ ಬೆರಸಬೇಕು. ಪಾತ್ರೆಯ ಐದರಲ್ಲೊಂದು ಪಾಲು ನೊರೆಗಾಗಿ ಖಾಲಿಯಿರಲಿ. ಬಿರಡೆಯಲ್ಲಿ ಬಾಗಿದ ನಳಿಗೆಯನ್ನು ತೂರಿಸಿ ಅದರ ಹೊರತುದಿಯನ್ನು ನೀರಿನಲ್ಲಿ ಮುಳುಗಿಸಿದರೆ ಅನಿಲವು ಹೊರಕ್ಕೆ ಹೋಗುತ್ತದೆ, ಗಾಳಿಯು ಒಳಕ್ಕೆ ಬಾರದು.

ಎರಡು ದಿವಸ ಗುಳ್ಳೆಗಳು ಜೋರಾಗಿ ಬರುವುವು, ಹೊಸಬನು ಸಂತೋಷಪಡುವನು. ವಾರ ಕಳೆಯುವುದರೊಳಗೆ ನಿಧಾನವಾಗಿ ನಿಂತೇ ಹೋಗುವುದೂ ಉಂಟು. ಮೊದಲ ಪ್ರಯತ್ನಗಳು ಹಲವು ಕೆಡುವುದು ಇಲ್ಲಿಯೇ. ದ್ರಾಕ್ಷಿಯ ರಸದಲ್ಲಿ ಯೀಸ್ಟಿಗೆ ಬೇಕಾದ ಸಾರಜನಕವಿರುತ್ತದೆ, ಜೇನಿನಲ್ಲಿ ಅದು ಅತ್ಯಲ್ಪ. ಬೆಳೆಗೆ ಗೊಬ್ಬರವಿಲ್ಲದೆ ಪೈರು ಸೊರಗಿದಂತೆಯೇ ಇದು. ಆದ್ದರಿಂದ ಆಹಾರಯೋಗ್ಯವಾದ ಡೈಅಮೋನಿಯಂ ಫಾಸ್ಫೇಟನ್ನು 4 ಲೀಟರಿಗೆ ಸುಮಾರು 3 ಗ್ರಾಂ ಪ್ರಮಾಣದಲ್ಲಿ, ಮೊದಲ ಮೂರು ನಾಲ್ಕು ದಿವಸಗಳಲ್ಲಿ ಭಾಗಮಾಡಿ ಹಾಕುವುದು ರೂಢಿ. ಡಿ.ಎ.ಪಿ. ಎಂಬ ಹೆಸರು ಕೇಳಿದ ಕೂಡಲೆ ಜಮೀನುದಾರನು ತನ್ನ ಉಗ್ರಾಣದ ಗೊಬ್ಬರದ ಚೀಲವನ್ನು ನೆನೆಯಬಹುದು; ಅದು ಸರ್ವಥಾ ಕೂಡದು. ಹೊಲಕ್ಕೆಂದು ಮಾಡಿದ ಗೊಬ್ಬರದಲ್ಲಿ ಕ್ಯಾಡ್ಮಿಯಂ ಮೊದಲಾದ ಕಲ್ಮಷಗಳಿರಬಹುದು. ಉಷ್ಣವು 18ರಿಂದ 24 ಡಿಗ್ರಿ ಸೆಂಟಿಗ್ರೇಡಿನೊಳಗಿರುವುದು ಒಳ್ಳೆಯದು. 30 ಮೀರಿದರೆ ರುಚಿ ಕಟುವಾಗುವುದು.

ಎರಡನೆಯ ತಪ್ಪು ಆತುರ, ಅದು ಪ್ರಾಣಕ್ಕೂ ಅಪಾಯಕರ. ಗುಳ್ಳೆ ನಿಂತಿತೆಂದು ಸೀಸೆಗೆ ತುಂಬಿ ಬಿಗಿಯಾಗಿ ಮುಚ್ಚುವರು. ಲೀಟರಿನಲ್ಲಿ ಉಳಿದ 4 ಗ್ರಾಂ ಸಕ್ಕರೆ ಹುಳಿತರೆ ಸುಮಾರು ಒಂದು ಲೀಟರು ಅನಿಲ ಹುಟ್ಟುವುದು. 20 ಗ್ರಾಂ ಉಳಿದಿದ್ದರೆ ಐದು ಲೀಟರು. ಸಾಮಾನ್ಯ ಸೀಸೆ ಅದನ್ನು ತಡೆಯಲಾರದೆ ಸಿಡಿದು, ಚೂರುಗಳು ಕಣ್ಣಿಗೆ ಹೊಡೆಯಬಹುದು. ಹೈಡ್ರಾಮೀಟರು 1.000 ಅಥವಾ ಅದಕ್ಕಿಂತ ಕಡಿಮೆ ತೋರಿ, ಎರಡು ವಾರಗಳ ಅಂತರದಲ್ಲಿ ಅದೇ ಅಂಕೆಯನ್ನು ಪುನಃ ತೋರಿದರೆ ಮಾತ್ರ ತುಂಬತಕ್ಕದ್ದು. 1.030ರಲ್ಲಿ ನಿಂತುಹೋದದ್ದು ಮುಗಿದದ್ದಲ್ಲ, ಮಲಗಿರುವುದು. ಅಷ್ಟರಲ್ಲಿ ಒಂದೆರಡು ತಿಂಗಳಾಗಬಹುದು. ಗಸಿಯನ್ನು ಬಿಟ್ಟು ತಿಳಿಯನ್ನು ಮಾತ್ರ ಬೇರೆ ಪಾತ್ರೆಗೆ ಇಳಿಸಿ ಇನ್ನೂ ಆರು ತಿಂಗಳಾದರೂ ಬಿಡದಿದ್ದರೆ ಪಾನೀಯವು ಒರಟಾಗಿಯೇ ಇರುವುದು. ಮೊದಲ ವಾರದಲ್ಲಿ ರುಚಿ ನೋಡಿ ಚೆಲ್ಲಿಬಿಟ್ಟವರು ಎಷ್ಟೋ ಮಂದಿ. ಗಾಳಿ ಹೊಕ್ಕರೆ ಬೇರೊಂದು ಜೀವಾಣು ಸೇರಿ ಎಲ್ಲವೂ ವಿನಿಗರ್ ಆಗುವುದು. ಉಪ್ಪಿನಕಾಯಿಗೆ ಅದು ಬಂದೀತು.

ಇನ್ನು ಮಾರುವ ಜೇನಿನ ಮಾತು. ಎರಿಯ ಕಣಗಳಲ್ಲಿ ಮುಕ್ಕಾಲು ಪಾಲಾದರೂ ಮೇಣದಿಂದ ಮುಚ್ಚಿದ ಬಳಿಕವೇ ಜೇನನ್ನು ತೆಗೆಯಬೇಕು. ಅದಕ್ಕೆ ಮುಂಚೆ ತೆಗೆದದ್ದು ನೀರುಜೇನು. ಜೇನು ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಭರಣಿಯ ಬಾಯನ್ನು ಬಟ್ಟೆಯಿಂದ ಕಟ್ಟಿದರೆ ಸಾಲದು, ಬಿಗಿಯಾದ ಮುಚ್ಚಳ ಬೇಕು. ನೊರೆಯ ಸೂಚನೆ ಕಂಡೊಡನೆ ಭರಣಿಯನ್ನು ನೀರಿನ ಪಾತ್ರೆಯೊಳಗಿಟ್ಟು, ಜೇನು 63 ಡಿಗ್ರಿಗೆ ಬರುವಂತೆ ಕಾಯಿಸಿ ಅರ್ಧ ಗಂಟೆ ಹಿಡಿದರೆ ಯೀಸ್ಟ್ ಸಾಯುತ್ತದೆ, ಆದರೆ ಕೆಟ್ಟ ರುಚಿ ಹಿಂದಿರುಗದು. ಹುಳಿತ ಜೇನನ್ನು ದಂಡವಾಯಿತೆಂದು ಪೆಟ್ಟಿಗೆಯ ಹುಳುಗಳಿಗೆ ಉಣಿಸಬಾರದು. ಅವಕ್ಕೆ ಭೇದಿ ಹತ್ತಿ ಕುಟುಂಬವೇ ಕ್ಷೀಣಿಸುತ್ತದೆ.