ಅಡ್ಡಹೆಸರು ಮತ್ತು ವಂಶಶೋಧನೆ

ಗದಗು ಸೀಮೆಯ ಯಾವುದೇ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಬಡಿಗೇರ, ಹೂಗಾರ, ಪಾಟೀಲ, ಕುಲಕರ್ಣಿ, ಹಿರೇಮಠ, ಮೆಣಸಿನಕಾಯಿ ಮೊದಲಾದ ಅಡ್ಡಹೆಸರುಗಳು ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು. ಇವುಗಳ ಜಾಡು ಹಿಡಿದು ನಮ್ಮ ಪೂರ್ವಿಕರನ್ನು ಎಷ್ಟು ದೂರ ಅರಸಬಹುದು? ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ಬಡಿಗೇರ, ಕಂಬಾರ, ಗಾಣಿಗೇರ ಎಂಬವು ಕಸುಬಿನಿಂದ ಬಂದವು. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬವು ಅಧಿಕಾರದಿಂದ ಬಂದವು. ಗ್ರಾಮಾಧಿಕಾರವು ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯು ರದ್ದುಪಡಿಸಿತು. ಹುದ್ದೆ ಹೋಯಿತು, ಹೆಸರು ಉಳಿಯಿತು.

ಊರಿನ ಹೆಸರನ್ನು ಹೊತ್ತ ಮನೆತನಗಳೂ ಹೇರಳವಾಗಿವೆ. ಕನ್ನಡ ನಾಡಿನ ಉದಯವನ್ನು ಹಾಡಿದ ಕವಿ ಹುಯಿಲಗೋಳ ನಾರಾಯಣರಾಯರ ಮನೆತನದ ಹೆಸರಿನಲ್ಲಿರುವುದು ಗದಗು ತಾಲ್ಲೂಕಿನ ಹುಯಿಲಗೋಳ ಗ್ರಾಮ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಗದಗಿಗೆ ಸಮೀಪದ ಬಿಂಕದಕಟ್ಟಿಯಲ್ಲಿಯೇ ವಾಸಿಸುವವನನ್ನು 'ಬಿಂಕದಕಟ್ಟಿಯವನು' ಎಂದು ಕರೆದರೆ ಅವನ ಗುರುತು ಹತ್ತುವುದೆಂತು? ಊರವರೆಲ್ಲರೂ ಬಿಂಕದಕಟ್ಟಿಯವರೇ. ಆ ಊರನ್ನು ಬಿಟ್ಟು ಬೇರೆಡೆ ನೆಲಸಿದವನಿಗೆ ಮಾತ್ರ ಅದು ಗುರುತಾಗುವುದು. ಆದುದರಿಂದ ಊರಿನ ಅಡ್ಡಹೆಸರು ಸಾಮಾನ್ಯವಾಗಿ ಒಂದು ವಲಸೆಯ ಕುರುಹು. ಒಂದೇ ಊರಿನಿಂದ ಹೊರಟ ಎರಡು ಕುಟುಂಬಗಳು ರಕ್ತಸಂಬಂಧವಿಲ್ಲದೆಯೂ ಒಂದೇ ಹೆಸರನ್ನು ಪಡೆಯಬಹುದೆಂಬುದನ್ನೂ ಮರೆಯಬಾರದು.

ಇದಕ್ಕೆ ವಿರುದ್ಧವಾದ ತೊಡಕು ಕೆನಡಾ ದೇಶದ ಫ್ರೆಂಚರಲ್ಲುಂಟು. 1665ರಲ್ಲಿ ಅಲ್ಲಿಗೆ ಬಂದಿಳಿದ ಕಾರಿನ್ಯಾಂ-ಸಾಲಿಯೇರ್ ದಳದ ಸೈನಿಕರಿಗೆ ಮನೆತನದ ಹೆಸರಿನ ಜೊತೆಗೆ ದಂಡಿನ ಹೆಸರೂ ಇರುತ್ತಿತ್ತು. ಎರಡರ ನಡುವೆ 'ಎನಿಸಿಕೊಂಡ' ಎಂಬರ್ಥದ 'ದಿ' ಎಂಬ ಮಾತನ್ನು ಸೇರಿಸಿ ಬರೆಯುತ್ತಿದ್ದರು. ಕಾಲಾನಂತರ ಒಬ್ಬನ ಸಂತಾನದಲ್ಲಿಯೇ ಕೆಲವರು ಮೊದಲನೆಯ ಹೆಸರನ್ನೂ ಕೆಲವರು ಎರಡನೆಯದನ್ನೂ ಉಳಿಸಿಕೊಂಡರು. ಅಲ್ಲಿ ಒಂದೇ ರಕ್ತಕ್ಕೆ ಎರಡು ಹೆಸರು! ಈ ಗಂಟನ್ನು ಬಿಡಿಸಲು ಶೋಧಕರಿಗೆ ನೆರವಾಗುವುವು ಚರ್ಚಿನ ದಾಖಲೆಗಳು. ಅವುಗಳಲ್ಲಿ ಹೆಂಗಸರನ್ನು ಸಾಮಾನ್ಯವಾಗಿ ತವರಿನ ಹೆಸರಿನಿಂದಲೇ ನಮೂದಿಸಿರುವುದು ದೊಡ್ಡ ಅನುಕೂಲ.

ನಮ್ಮಲ್ಲಿ ಅಂತಹ ಕೆಲಸವನ್ನು ನಡೆಸಿಕೊಂಡು ಬಂದವರು ಹೆಳವರು. ಎತ್ತನ್ನೇರಿ ಊರೂರು ಸುತ್ತಿ, ತಮಗೆ ಸೇರಿದ ಒಕ್ಕಲುಮನೆಗಳ ಮುಂದೆ ನಿಂತು, ಆ ಮನೆತನದ ಮೂಲಸ್ಥಳವನ್ನೂ ಪೀಳಿಗೆಗಳನ್ನೂ ಹೇಳುವುದು ಅವರ ಕುಲವೃತ್ತಿ. ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ದವಸವನ್ನೋ ಹಣವನ್ನೋ ಪಡೆದು ಮುಂದಿನ ಊರಿಗೆ ಸಾಗುವರು.

ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ರೂಢಿಯನ್ನೂ ಶೋಧಕನು ತಿಳಿದಿರಬೇಕು. ಬಸಪ್ಪನ ಮಗ ವೀರಪ್ಪ, ವೀರಪ್ಪನ ಮಗ ಮತ್ತೆ ಬಸಪ್ಪ. ಹೆಸರು ಮರಳಿ ಬರುವುದು ವಂಶದ ಸುಳಿವನ್ನು ಕೊಡುವುದು ನಿಜ. ಆದರೆ ಹಳೆಯ ಕಾಗದದಲ್ಲಿರುವ ಬಸಪ್ಪನು ಅಜ್ಜನೋ ಮೊಮ್ಮಗನೋ ಎಂಬ ಸಂದೇಹವನ್ನೂ ಹುಟ್ಟಿಸುವುದು. ಇಸವಿಯನ್ನೂ ತಂದೆಯ ಹೆಸರನ್ನೂ ತಾಳೆನೋಡದೆ ನಿರ್ಣಯಿಸಬಾರದು.

ಇನ್ನು ಒಂದು ಲೆಕ್ಕ. ನಮಗೆ ತಂದೆತಾಯಿಗಳು 2, ಅಜ್ಜಅಜ್ಜಿಯರು 4, ಅವರ ತಂದೆತಾಯಿಗಳು 8. ಹೀಗೆ ಇಮ್ಮಡಿಸುತ್ತ ಹತ್ತನೆಯ ಮೆಟ್ಟಿಲಿಗೆ ಹೋದರೆ 1024 ಸ್ಥಾನಗಳಾಗುವುವು. ಪೀಳಿಗೆಯೊಂದಕ್ಕೆ 25ರಿಂದ 30 ವರ್ಷವೆಂದರೆ ಇದು ಸುಮಾರು 250–300 ವರ್ಷಗಳ ಹಿಂದಿನ ಮಾತು. ತಂದೆಯ ಕಡೆಯ ಅಡ್ಡಹೆಸರು ಆ 1024ರಲ್ಲಿ ಒಂದೇ ಒಂದು ಸ್ಥಾನಕ್ಕೆ ನಮ್ಮನ್ನು ಒಯ್ಯುವುದು! ಗಂಡುಸಂತತಿಯನ್ನೇ ಹಿಡಿದು ಸಾಗುವ ವಂಶಾವಳಿಯಲ್ಲಿ ತಾಯಂದಿರ ತವರುಗಳೆಲ್ಲ ಮರೆಯಾಗುತ್ತವೆ. ಅವು ಉಳಿದಿರುವುದು ಮುದುಕಿಯರ ನೆನಪಿನಲ್ಲಿ.

ಆದುದರಿಂದ ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಕೆಲಸವನ್ನು ಮಾಡಬಹುದು. ಮನೆಯ ಅಜ್ಜಿಯ ಬಳಿ ಕುಳಿತು ಅವಳ ತವರು, ಅವಳ ತಾಯಿಯ ತವರು, ಅವರ ಹೆಸರುಗಳು ಇವನ್ನು ಕೇಳಿ ಬರೆದಿಡಿರಿ. ಹೆಳವರು ಬಂದರೆ ಅವರ ಹೇಳಿಕೆಯೊಡನೆ ಅದನ್ನು ಹೋಲಿಸಿರಿ. ಕಾಗದದ ದಾಖಲೆ ನಾಳೆಯೂ ಸಿಕ್ಕೀತು. ಅಜ್ಜಿಯ ನೆನಪು ಅವಳೊಡನೆಯೇ ಹೋಗುವುದು.